ಸಾಹೇಬರ ಚುಕ್ಕೆ ಕೆಂಪಾದಾಗ

ಕಂಪ್ಯೂಟರ್ ನೋಡಿಕೊಳ್ಳುವವನ ಬದುಕಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಬರೆಯುವುದು ಮಾತ್ರ ಇದೇ ಮೊದಲು. ಆದ್ದರಿಂದ ಎಲ್ಲ ಬಿಡಿಸಿ ಹೇಳಿಬಿಡುತ್ತೇನೆ.

ಟೆಲಿಫೋನ್ ವೈರಿನಲ್ಲಿ ಇಂಟರ್ನೆಟ್ ತೆವಳುತ್ತಿದ್ದ ಕಾಲ. ನಮ್ಮದು ಬೀಜ-ಗೊಬ್ಬರದ ಖಾಸಗಿ ಕಂಪನಿ. ಮುಖ್ಯ ಕಚೇರಿ ಹರಪನಹಳ್ಳಿ. ಕೊಟ್ಟೂರು, ಕೂಡ್ಲಿಗಿಗಳಲ್ಲಿ ಶಾಖೆ. ಎಲ್ಲ ಕಂಪ್ಯೂಟರುಗಳ ಮೇಲೆ ಕಣ್ಣಿಡಲು ಒಂದು ವೆಬ್ ಪುಟವಿತ್ತು. ಕಂಪ್ಯೂಟರ್ ಚಾಲೂ ಇದ್ದರೆ ಅದನ್ನು ಬಳಸುವವರ ಹೆಸರಿನ ಮುಂದೆ ಹಸಿರು ಚುಕ್ಕೆ, ಆರಿಸಿದರೆ ಕೆಂಪು. ಅದನ್ನು ನಾನೊಬ್ಬನೇ ನೋಡಬೇಕು. ಆದರೆ ವಿಳಾಸ ಟೈಪ್ ಮಾಡಿದವರಿಗೆಲ್ಲ ಅದು ಪಾಸ್‌ವರ್ಡ್ ಕೇಳದೆಯೇ ತೆರೆದುಕೊಳ್ಳುತ್ತಿತ್ತು. ಅಂದರೆ ಬಾಗಿಲಿತ್ತು, ಚಿಲಕವಿರಲಿಲ್ಲ. ಸಾಫ್ಟ್‌ವೇರಿನವರು ಈ ದೋಷ ಸರಿಪಡಿಸುವ ಸಿ.ಡಿ. ಕಳಿಸಿದ್ದರು. ‘ನಮ್ಮ ಕಡೆ ಇದನ್ನು ಯಾರು ನೋಡುತ್ತಾರೆ’ ಎಂದು ಡ್ರಾಯರಿಗೆ ಹಾಕಿದೆ.

೧. ಮಿರ್ಚಿ

ಒಂದು ದಿನ ಮುಖ್ಯ ಕಚೇರಿಯ ನಮ್ಮ ಸಾಹೇಬರು ಹೇಳದೆ ಕೇಳದೆ ತಪಾಸಣೆಗೆಂದು ಜೀಪು ಹತ್ತಿದರು. ನಾನೂ ಜೊತೆಗಿದ್ದೆ. ಕೊಟ್ಟೂರಿನಲ್ಲಿ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಕೆಲಸದಲ್ಲಿ. ಮೇಜಿನ ಮೇಲೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ.

“ನಾ ಬರೋದು ಯಾರು ಹೇಳಿದ್ರು?”

“ಯಾರಿಲ್ರಿ, ದಿನಾ ಹಿಂಗಾ ಇರ್ತೀವ್ರಿ,” ಎಂದರು ಗುಮಾಸ್ತರು.

“ದಿನಾ ನನ್ನ ಪಾಲಿನ ಮಿರ್ಚಿನೂ ತರಸ್ತೀರೇನು?”

ಆಮೇಲೆ ಗುಮಾಸ್ತರು ನನ್ನ ಕಿವಿಯಲ್ಲಿ ಉಸುರಿದರು: “ನಿಮ್ಮ ಪುಟದಾಗ ಸಾಹೇಬ್ರ ಚುಕ್ಕಿ ಕೆಂಪಾತಂದ್ರ ಜೀಪು ಹೊಂಟಂಗ. ಭಾಳ ಉಪಕಾರ ಆಗೇತಿ ನೋಡ್ರಿ.”

ಅವತ್ತೇ ಸಿ.ಡಿ. ಹಾಕಬೇಕಿತ್ತು. ಮಿರ್ಚಿ ರುಚಿಯಾಗಿತ್ತು.

೨. ಎಡಕ್ಕ, ಬಲಕ್ಕ

ಸಾಹೇಬರ ಅನುಮಾನ ಜೀಪಿನ ಡ್ರೈವರ್ ಕಾಕಾನ ಮೇಲೆ ಬಿತ್ತು. ಊರಿನ ಹೆಸರು ಹೇಳುವುದನ್ನೇ ಬಿಟ್ಟರು. ಕೂಡುರಸ್ತೆ ಬಂದಾಗಲೆಲ್ಲ “ಎಡಕ್ಕ”, “ಬಲಕ್ಕ”, ಅಷ್ಟೇ. ಒಮ್ಮೆ ಅವರಿಗೇ ದಾರಿ ತಪ್ಪಿ ಜೀಪು ಉಚ್ಚಂಗಿದುರ್ಗದ ಬೆಟ್ಟದ ಬುಡದಲ್ಲಿ ನಿಂತಿತು.

“ಏನಪಾ, ನಾವು ಕೂಡ್ಲಿಗಿಗೆ ಹೊಂಟಿದ್ವಿ!”

“ಹೌದೇನ್ರಿ? ನಾ ಅಮ್ಮನ ದರ್ಶನಕ್ಕ ಅನಕೊಂಡಿದ್ದೆ.”

೩. ಸಿ.ಡಿ.

ಮುಂದಿನ ವಾರ ಹೋದಲ್ಲೂ ಮಿರ್ಚಿ ಕಾದಿತ್ತು. ಸಾಹೇಬರು ಕಾಕಾನನ್ನು ಕೆಲಸದಿಂದ ತೆಗೆದರು. ಸಂಕಟವಾಗಿ, ನಾನು ಸದ್ದಿಲ್ಲದೆ ಸಿ.ಡಿ. ಹಾಕಿ ಪುಟಕ್ಕೆ ಬೀಗ ಜಡಿದೆ. ಬೀಗ ಹಾಕದಿದ್ದರೆ ಹೊಸ ಡ್ರೈವರ್ ಬಂದ ಮೇಲೂ ಮಿರ್ಚಿ ಕಾದಿರುತ್ತಿತ್ತು, ಕಾಕಾ ನಿರಪರಾಧಿ ಎಂದು ತಾನಾಗಿ ತಿಳಿಯುತ್ತಿತ್ತು. ಇದು ನನಗೆ ಹೊಳೆಯಲೇ ಇಲ್ಲ. ಹೊಸ ಡ್ರೈವರ್ ಜೊತೆ ಕೊಟ್ಟೂರಿಗೆ ಹೋದರೆ ಗುಮಾಸ್ತರು ಗೊರಕೆ ಹೊಡೆಯುತ್ತಿದ್ದರು.

“ನೋಡಿದಿ? ಸುದ್ದಿ ಕೊಡ್ತಿದ್ದಾಂವ ಅವನಾ!” ಎಂದರು ಸಾಹೇಬರು.

ನಿಜ ಹೇಳಲು ಬಾಯಿ ತೆರೆದೆ. ನನ್ನ ನೌಕರಿ ನೆನಪಾಯಿತು. ಆಕಳಿಸಿದಂತೆ ಮಾಡಿ ಮುಚ್ಚಿದೆ.

೪. ಸ್ವಿಚ್ಚು

ವರ್ಷದ ನಂತರ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಸಿಕ್ಕರು. ಯಾರದೋ ಟೆಂಪೋ ಓಡಿಸುತ್ತಿದ್ದರು. ಹಸಿರು, ಕೆಂಪು, ಚಿಲಕ, ಆಕಳಿಕೆ, ಎಲ್ಲ ಹೇಳಿ ಕೈಮುಗಿದೆ.

“ಅಂದ್ರ, ಸಾಹೇಬ್ರು ಕಂಪ್ಯೂಟರ್ ಆರಸದ ಬಂದಿದ್ರ ಕೊಟ್ಟೂರಾಗ ಯಾರಿಗೂ ಗೊತ್ತಾಗ್ತಿರಲಿಲ್ಲ?”

“ಇಲ್ಲ ಕಾಕಾ. ತಪ್ಪೆಲ್ಲ ನಂದಾ.”

“ತಡೀರಿ, ತಡೀರಿ. ‘ಕರೆಂಟು ದಂಡ ಆಕ್ಕೈತ್ರಿ, ಸ್ವಿಚ್ಚು ಆರಿಸಿ ಬರ್ರಿ’ ಅಂತ ಜೀಪು ಹತ್ತಿದ ಸಾಹೇಬ್ರನ್ನ ದಿನಾ ಇಳಿಸಿ ಒಳಗ ಕಳಸ್ತಿದ್ದಾಂವ ನಾನಾ!”

ಕಾಕಾ ಸ್ಟೇರಿಂಗಿಗೆ ತಲೆ ಆನಿಸಿ ನಕ್ಕರು.

“ಹಂಗಾದ್ರ ಸಾಹೇಬ್ರು ಸುಳ್ಳು ಹೇಳಿಲ್ಲ ಬಿಡ್ರಿ. ಸುದ್ದಿ ಕೊಟ್ಟಾಂವ ನಾನಾ!”