ರಿವರ್ಸ್ ಬಾರದವನ ಮಂಡಿನೋವು

ಕಾರು ಓಡಿಸುವುದರಲ್ಲಿ ಎರಡು ಭಾಗ. ಒಂದು ಮುಂದಕ್ಕೆ ಹೋಗುವುದು, ಇನ್ನೊಂದು ಹಿಂದಕ್ಕೆ ಬರುವುದು. ಮೊದಲನೆಯದು ನನಗೆ ಚೆನ್ನಾಗಿ ಬರುತ್ತದೆ. ಎರಡನೆಯದರ ವಿಷಯ ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ, ನಮ್ಮ ಕಡೆಯವರಿಗೆ ದಾಟಿಸಬೇಡಿ. ಗೇರನ್ನು ರಿವರ್ಸಿಗೆ ಹಾಕಿದ ಕೂಡಲೇ ನನಗೆ ಎಡ ಯಾವುದು ಬಲ ಯಾವುದು ಎಂಬುದೇ ಮರೆತುಹೋಗುತ್ತದೆ. ಕಾರು ತನ್ನ ಪಾಡಿಗೆ ತಾನು ಯಾರದೋ ಕಾಂಪೌಂಡಿನ ಕಡೆ ಹೊರಡುತ್ತದೆ. ಹಾಗಾದರೆ ಲೈಸೆನ್ಸ್ ಹೇಗೆ ಸಿಕ್ಕಿತು ಎನ್ನುತ್ತೀರಾ? ಪರೀಕ್ಷೆಯ ಮೈದಾನ ಇಳಿಜಾರಾಗಿತ್ತು. ನಾನು ಬ್ರೇಕಿನಿಂದ ಕಾಲು ತೆಗೆದೆ, ಕಾರು ತಾನಾಗಿಯೇ ನೆಟ್ಟಗೆ ಹಿಂದಕ್ಕೆ ಬಂತು.

ಆಮೇಲಿನ ಇಪ್ಪತ್ತು ವರ್ಷ ರಿವರ್ಸ್ ಬೇಕಾಗದ ಹಾಗೆ ಬದುಕನ್ನೇ ಹೊಂದಿಸಿಕೊಂಡೆ. ಮಾಲೂರಿನಲ್ಲಿ ಮನೆ ಹುಡುಕುವಾಗ ಎರಡೂ ತುದಿ ರಸ್ತೆಗೆ ಸೇರುವ ಬೀದಿಯೇ ಆಗಬೇಕೆಂದು ಹಠ ಹಿಡಿದೆ. ಅಳಿಯಂದಿರು ವಾಸ್ತು ಬಲ್ಲವರು ಎಂದು ಮಾವನವರು ಬೀಗಿದರು. ಬೆಂಗಳೂರಿನ ಕಚೇರಿಗೆ ನಾನು ರೈಲಿನಲ್ಲಿ ಹೋಗಿಬರುವವನು. ಸ್ಟೇಷನ್ ಮುಂದೆ ಜಾಗವೆಲ್ಲ ಖಾಲಿ ಇರುವಾಗಲೇ ಹೋಗಿ, ಒಂದು ಸುತ್ತು ಹೊಡೆದು, ಕಾರಿನ ಮೂತಿ ಹೊರಕ್ಕೆ ಮಾಡಿ ನಿಲ್ಲಿಸಿ, ಮೊದಲ ರೈಲು ಹತ್ತಿಬಿಡುತ್ತಿದ್ದೆ. ಕಚೇರಿಯ ಬೀಗ ತೆಗೆಯುವವರು ಬರುವ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಹೋದ ವರ್ಷ ಸಮಯಪಾಲನೆಗಾಗಿ ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮ್ಯಾನೇಜರು "ಇವರನ್ನ ನೋಡಿ ಕಲೀರಿ" ಎಂದಾಗ ನಾಚಿಕೆಯಾಗಿ ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಅಂದುಕೊಂಡರು.

ಈ ಗುಟ್ಟು ಗೊತ್ತಿದ್ದದ್ದು ನನ್ನ ಹೆಂಡತಿ ಗಿರಿಜೆಗೆ ಒಬ್ಬಳಿಗೇ. ಗೊತ್ತಾಗಲೇಬಾರದಾಗಿದ್ದದ್ದು ಅವಳ ತಮ್ಮ ಮುನಿರಾಜುವಿಗೆ. ಅವನದು ಮುಳಬಾಗಿಲ ಹೆದ್ದಾರಿ ಪಕ್ಕ ಟೈರ್ ಅಂಗಡಿ. ಹದಿನಾಲ್ಕು ಚಕ್ರದ ಲಾರಿಗಳನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆಯುವವರ ನಡುವೆ ಬೆಳೆದವನು. ನಾವು ಮಂಗಳೂರಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಮಲ್ಪೆ ಸಮುದ್ರಕ್ಕೆ ಹೋಗುತ್ತೇವೆ ಎಂದಾಗ ಅವನು, "ಭಾವ, ಸುಮ್ನೆ ಡ್ರೈವರ್‌ನ ಇಟ್ಕೊಂಡ್ಬಿಡಿ" ಎಂದ. ನನಗೆ ರೇಗಿಹೋಯಿತು. "ಇಪ್ಪತ್ತು ವರ್ಷದ ಲೈಸೆನ್ಸ್ ಇದೆ ಕಣಯ್ಯಾ. ವಿಮಾನ ನಿಲ್ದಾಣದಲ್ಲೇ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ" ಎಂದುಬಿಟ್ಟೆ. ಇನ್ನು ಸಿಕ್ಕಿಬಿದ್ದರೆ ನನ್ನ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲೂ ಅವನು ಅದನ್ನೇ ಹೇಳಿ ನಗಿಸುತ್ತಾನೆ ಎಂದು ಆಗಲೇ ಗೊತ್ತಿತ್ತು.

ಮಂಗಳೂರಿನಲ್ಲಿ ಇಳಿದೆವು. ಕಾರು ಕೊಡುವಾತ ನನ್ನಷ್ಟೇ ವಯಸ್ಸಿನ, ಕನ್ನಡಕದ ಗಂಭೀರ ಮನುಷ್ಯ. ಕಾರಿನ ಸುತ್ತ ತಿರುಗಿ ಒಂದೊಂದು ಗೀಚಿಗೂ ಫೋಟೋ ತೆಗೆದು, ಕೀ ಕೈಗಿಟ್ಟ. ನೋಡುತ್ತೇನೆ, ಕಾರಿನ ಮೂತಿ ಗೋಡೆಗೆ, ಎಡಬಲಕ್ಕೆ ಇನ್ನೆರಡು ಕಾರು. ಹಿಂದಕ್ಕೆ ತೆಗೆಯದೆ ಸಮುದ್ರವಿಲ್ಲ.

ನಮ್ಮ ಕೋಲಾರದ ಕಡೆ ಎಲ್ಲರಿಗೂ ಕನ್ನಡದ ಜೊತೆ ತೆಲುಗೂ ಬರುತ್ತದೆ. ಹೀಗಾಗಿ ಊರಲ್ಲಿ ಗುಟ್ಟು ಮಾತಾಡಲು ನಮಗೆ ಭಾಷೆಯೇ ಇಲ್ಲ. ತೆಲುಗಿನಿಂದ ಆ ಉಪಯೋಗ ಆಗಬೇಕಾದರೆ ಘಟ್ಟ ಇಳಿಯಬೇಕು. ಗಿರಿಜೆ ಮೆಲ್ಲಗೆ, "ಎನಕ್ಕಿ ತೀಯಾಲಿ ಕದಾ?" ಎಂದಳು, ಹಿಂದಕ್ಕೆ ತೆಗೀಬೇಕಲ್ಲಾ ಎಂದು. ನಾನೂ ತೆಲುಗಿನಲ್ಲೇ ಧಾರಾಳವಾಗಿ ಬಿಚ್ಚಿಕೊಂಡೆ. ಮಂಡಿನೋವು ಅಂತ ಹೇಳುತ್ತೇನೆ, ಇವನೇ ತೆಗೆದುಕೊಡುತ್ತಾನೆ, ಮುಖ ನೋಡಿದರೆ ಏನು ಹೇಳಿದರೂ ನಂಬುವ ಆಸಾಮಿ, ಒಟ್ಟಿನಲ್ಲಿ ನಿನ್ನ ತಮ್ಮನ ಕಿವಿಗೆ ಬೀಳದಿದ್ದರೆ ಸಾಕು ಎಂದೆ. ಆಮೇಲೆ ಅವನ ಕಡೆ ತಿರುಗಿ, ಮಂಡಿ ಸವರಿಕೊಂಡು, ಶುದ್ಧ ಕನ್ನಡದಲ್ಲಿ ಸಹಾಯ ಕೇಳಿದೆ.

ಅವನು ಕಾರನ್ನು ಹಿಂದಕ್ಕೆ ತೆಗೆದು, ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ನನಗಾಗಿ ಬಾಗಿಲು ಹಿಡಿದುಕೊಂಡ. ನಾನು ಕೂತ ಮೇಲೆ ಬಗ್ಗಿ ವಿನಯದಿಂದ ಕೇಳಿದ: "ಮುಂದರಕಿ ಪೋತೇ ಮೋಕಾಲು ನೊಪ್ಪಿ ರಾದಾ ಸಾರ್?" ಮುಂದಕ್ಕೆ ಹೋದರೆ ಮಂಡಿ ನೋಯಲ್ವಾ ಎಂದು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನೋ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. "ನಮ್ದು ಮುಳಬಾಗಿಲ ಹತ್ರ ನಂಗಲಿ ಸಾರ್. ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ನಮ್ಮ ಮಾತು ಕೇಳಿ ಹೊಟ್ಟೆ ತುಂಬ್ತು" ಎಂದ. ಅಲ್ಲಿಗೆ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ನಮ್ಮ ಜಿಲ್ಲೆಯವರು ಸಿಕ್ಕರೆ ಯಾರ ಮನೆಯವರು ಎಂದು ಕೇಳದೆ ಬಿಡುವ ಜಾಯಮಾನ ಗಿರಿಜೆಯದಲ್ಲ. ನಂಗಲಿಯಲ್ಲಿ ಯಾರ ಮನೆ, ಮುಳಬಾಗಿಲಲ್ಲಿ ಯಾರು ಬೇಕು ಎಂದು ಶುರುವಾಗಿ, ಮೂರನೇ ಮಾತಿಗೇ "ಟೈರ್ ಅಂಗಡಿ ಮುನಿರಾಜು ನನ್ನ ತಮ್ಮ" ಎಂದಳು. "ಅಯ್ಯೋ, ನಮ್ಮ ಮುನಿರಾಜಾ!" ಎಂದು ಅವನು ಅಲ್ಲೇ ಫೋನು ಹೊರತೆಗೆದ. ನಾನು ಕಾರು ಹೊರಡಿಸಿದೆ.

ಮಲ್ಪೆಯಲ್ಲಿ ಹಿಂದೆಮುಂದೆ ಯಾರೂ ಇರದ ಬಯಲು ಹುಡುಕಿ ನಿಲ್ಲಿಸುವಷ್ಟರಲ್ಲಿ ನೀರು ಮೈಲಿ ದೂರ ಉಳಿದಿತ್ತು. "ಸಮುದ್ರ ನೋಡೋಕೆ ಬಂದ್ವೋ, ಪಾದಯಾತ್ರೆಗೆ ಬಂದ್ವೋ?" ಎಂದು ಗಿರಿಜೆ ಗೊಣಗಿದಳು. ಮೊದಲ ಅಲೆ ಕಾಲಿಗೆ ತಾಕುವುದಕ್ಕೂ ಜೇಬಿನಲ್ಲಿ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. "ಭಾವ, ಮಂಡಿ ಹೆಂಗಿದೆ?"

ಆದರೂ ಮುನಿರಾಜು ಒಳ್ಳೆಯವನು. ನಾವು ಊರಿಗೆ ಮರಳಿದ ಭಾನುವಾರ ಎಂಟು ಹಳೇ ಟೈರು ಹೇರಿಕೊಂಡು ಬಂದ. ಟೇಕಲ್ ಹತ್ತಿರದ ಬಯಲಿನಲ್ಲಿ ಅವನ್ನು ಜೋಡಿಸಿ, ನಾಲ್ಕು ಭಾನುವಾರ ನನಗೆ ರಿವರ್ಸ್ ಕಲಿಸಿದ. "ಕನ್ನಡಿ ನೋಡಿ ಭಾವ, ನನ್ನ ಮುಖ ಅಲ್ಲ!" ಎಂದು ಗದರುತ್ತಿದ್ದ. ಯಾರಿಗೂ ಹೇಳಲ್ಲ ಎಂದು ಅಕ್ಕನ ಮೇಲೆ ಆಣೆಯನ್ನೂ ಇಟ್ಟ. ಮುಂದಿನ ಮದುವೆ ಮನೆಯಲ್ಲಿ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಮಂಡಿ ವಿಚಾರಿಸಿದರು.

ಹೋಗಲಿ, ವಿದ್ಯೆ ಬಂತಲ್ಲ. ಈಗ ಸ್ಟೇಷನ್ ಮುಂದೆ ಎಷ್ಟೇ ಕಾರಿರಲಿ, ಸಂದಿಯಲ್ಲಿ ನನ್ನದನ್ನು ಹಿಂದಿನಿಂದ ಸಲೀಸಾಗಿ ತೂರಿಸುತ್ತೇನೆ. ಹಾಗಾಗಿ ಮೊದಲ ರೈಲಿಗೆ ಓಡುವ ಅಗತ್ಯವೇ ಇಲ್ಲ. ಎರಡನೆಯದು ಹತ್ತತೊಡಗಿದೆ, ಆಮೇಲೆ ಮೂರನೆಯದು. ಸುಖವಾದ ನಿದ್ದೆ. ಮೊನ್ನೆ ಅದೇ ಮ್ಯಾನೇಜರು ಮೆಮೋ ಕೊಟ್ಟಿದ್ದಾರೆ, ತಿಂಗಳಿಂದ ತಡವಾಗಿ ಬರುತ್ತಿರುವುದಕ್ಕೆ ಕಾರಣ ಬರೆದುಕೊಡಬೇಕಂತೆ. ನಿಜ ಬರೆದರೆ ಶಾಲು ವಾಪಸು ಕೇಳುತ್ತಾರೆ. ಬಹಳ ಯೋಚಿಸಿ, ಮಂಡಿನೋವು ಎಂದು ಬರೆದುಕೊಟ್ಟಿದ್ದೇನೆ.