ಕನ್ನಡಿಯೊಳಗಿನ ಬಲಗೈ

ನಮ್ಮ ದೊಡ್ಡಪ್ಪನ ಮನೆಗೆ ಹೋದರೆ ಕಾಫಿಗಿಂತ ಮೊದಲು ಕೈಗೆ ಕನ್ನಡಿ ಬರುತ್ತದೆ. ಅವರಿಗೆ ತಲೆ ಕೆಟ್ಟಿದೆ ಎನ್ನದವರು ಹಾನುಬಾಳಿನಲ್ಲಿ ಯಾರೂ ಇಲ್ಲ. ನಾನು ಮಾತ್ರ ಹಾಗೆನ್ನುವುದಿಲ್ಲ. ಕೆಡುವುದಕ್ಕೆ ಮೊದಲು ಸರಿಯಾಗಿರಬೇಕಲ್ಲ!

ಹಳೆಯ ಎಸ್ಟೇಟ್ ಬಂಗಲೆಯೊಂದರ ಸಾಮಾನು ಹರಾಜಾದಾಗ ಉಳಿದವರೆಲ್ಲ ಮಂಚ, ಬೀರು ಹೊತ್ತು ತಂದರು. ದೊಡ್ಡಪ್ಪ ತಂದದ್ದು, ಗೆದ್ದಲು ಕೂಡ ಅರ್ಧಕ್ಕೇ ಬಿಟ್ಟುಹೋದ ಒಂದು ಕಟ್ಟು ಚಿತ್ರ. ಶತಮಾನಗಳ ಹಿಂದೆ ಇಟಲಿಯವರು ತಮ್ಮ ಪುರಾಣದ ವರ್ಣಚಿತ್ರಗಳನ್ನು ನೋಡಿಕೊಂಡು, ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ಬಳಿದು ಅಚ್ಚೊತ್ತಿದ್ದವಂತೆ ಅವು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆದ್ದರಿಂದ ಕನ್ನಡಿಯಲ್ಲೇ ನೋಡಬೇಕೆಂಬುದು ದೊಡ್ಡಪ್ಪನ ಕಾನೂನು.

"ಇವ್ರ ಮೈಮೇಲೆ ಬಟ್ಟೇನೇ ಇಲ್ವಲ್ಲ ದೊಡ್ಡಪ್ಪ?"

"ಅಲ್ಲಿ ನಮ್ಮಂಗೆ ಚಳಿ ಇಲ್ಲ ಕಣೋ!"

ಮಗಳನ್ನು ನೋಡಲು ಮಗ್ಗೆಯಿಂದ ಬಂದವರಿಗೂ ಕನ್ನಡಿ ಕೊಟ್ಟು, "ಮೊದ್ಲು ಇದ್ರಲ್ಲಿ ನೋಡ್ಕಳಿ, ಆಮೇಲೆ ಮಾತು" ಎಂದರು. ಗಂಡಿನ ತಂದೆ ತಮ್ಮ ಮುಖ ನೋಡಿಕೊಂಡರು, ಮಗನ ಮುಖ ನೋಡಿದರು, ಎದ್ದು ಜೀಪು ಹತ್ತಿದರು. ಉಪ್ಪಿಟ್ಟು ನಮ್ಮ ಪಾಲಿಗೆ ಬಂತು.

ಇಂಥವರನ್ನು ಕಟ್ಟಿಕೊಂಡ ದೊಡ್ಡಮ್ಮ ಎಡಚಿ. ಹೊಸ ಸೊಸೆಯಾಗಿದ್ದಾಗ ಎಡಗೈಯಲ್ಲಿ ಬಡಿಸಿದ್ದಕ್ಕೆ ಹಿರಿಯರು ಎಲೆ ಬಿಟ್ಟು ಎದ್ದಿದ್ದರಂತೆ. ಅಂದಿನಿಂದ ಅಡುಗೆಯೆಲ್ಲ ಅವರದು, ಪಂಕ್ತಿಯಲ್ಲಿ ಬಡಿಸುವುದು ಮಾತ್ರ ಬೇರೆಯವರು. ನಮ್ಮವರಿಗೆ ಕೈರುಚಿ ಬೇಕು, ಕೈ ಬೇಡ!

ಕೊನೆಗೆ ಬೆಳಗೋಡಿನ ಕಡೆ ಮಗಳಿಗೆ ಸಂಬಂಧ ಕೂಡಿಬಂತು. ನಿಶ್ಚಿತಾರ್ಥದ ದಿನ ಹಿರಿಯರೆಲ್ಲ ಊಟಕ್ಕೆ ಕುಳಿತಿದ್ದರು. ಎದುರಿನ ಗೋಡೆಯಲ್ಲಿ ಆ ಕಟ್ಟಿನದೇ ಒಂದು, ಇಟಲಿ ದೇವತೆಗಳ ಔತಣದ ಚಿತ್ರ. ಅದರಲ್ಲೊಬ್ಬ ದೇವಿ ಎಡಗೈಯಲ್ಲಿ ಬಡಿಸುತ್ತಿದ್ದಾಳೆ. ದೊಡ್ಡಪ್ಪ ಒಳಗಿನಿಂದ ಹೆಂಡತಿಯನ್ನು ಕರೆತಂದು, ಪಾಯಸದ ಸೌಟನ್ನು ಅವರ ಎಡಗೈಗೇ ಕೊಟ್ಟು, "ಬಡ್ಸೇ" ಎಂದರು.

ಹಿರಿಯರ ಕಡೆ ತಿರುಗಿ ಗೋಡೆ ತೋರಿಸಿದರು.

"ಅಲ್ನೋಡಿ, ದೇವ್ರುಗಳೇ ಎಡಗೈಲಿ ಬಡ್ಸುಸ್ಕೊಂಡು ಉಣ್ತಾವ್ರೆ. ನೀವು ಅವ್ರಿಗಿಂತ ದೊಡ್ಡೋರೇನ್ರೀ?"

ಹಿಂದೆ ಎಲೆ ಬಿಟ್ಟು ಎದ್ದವರ ಪೈಕಿ ಬದುಕಿದ್ದವರು ದೊಡ್ಡಪ್ಪನ ಚಿಕ್ಕಪ್ಪ ಒಬ್ಬರೇ. ಅವರು ಕಣ್ಣು ಕಿರಿದು ಮಾಡಿ ಚಿತ್ರ ನೋಡಿ, "ಎಲ್ಲಿ, ಆ ನಿನ್ ಕನ್ನಡಿ ಕೊಡು" ಎಂದರು. ಕೊಟ್ಟರೆ ಕೆಟ್ಟಂತೆ! ಕನ್ನಡಿಯಲ್ಲಿ ದೇವಿ ಬಲಗೈಯಲ್ಲೇ ಬಡಿಸುತ್ತಾಳಲ್ಲ!

"ಕನ್ನಡಿ ಒಡ್ದೋಗ್ಬುಡ್ತು ಚಿಕ್ಕಪ್ಪ" ಎಂದರು ದೊಡ್ಡಪ್ಪ.

ಅವರ ಜುಬ್ಬದ ಜೇಬಿನಿಂದ ಕನ್ನಡಿಯ ಅಂಚು ಇಣುಕುತ್ತಿತ್ತು. ಮುದುಕರು ಅದನ್ನು ನೋಡಿದರು. ಆಮೇಲೆ ಸೌಟು ಹಿಡಿದಿದ್ದ ದೊಡ್ಡಮ್ಮನ ಎಡಗೈ ನೋಡಿದರು.

"ಒಡ್ದಿದ್ರೆ ಹೋಗ್ಲಿ ಬುಡು," ಎಂದು ಎಲೆಯನ್ನು ಮುಂದೆ ಸರಿಸಿದರು. "ಹಾಕವ್ವ."