ಹದಿನೈದು ಕೋಲು ಹದಿನಾರು ಬೆರಳು

ಆಯತದ ಸುತ್ತಳತೆ ಬೇಕಾದರೆ ಉದ್ದ ಅಗಲ ಕೂಡಿಸಿ ಎರಡರಿಂದ ಗುಣಿಸಬೇಕು. ಒಟ್ಟಪಾಲದ ಶಾಲೆಯಲ್ಲಿ ಮೂವತ್ತೊಂದು ವರ್ಷ ಇದನ್ನು ಕಲಿಸಿ ನಿವೃತ್ತನಾದ ಗಣಿತದ ಮಾಷ್ ನಾನು. ಈಗ ತೆಂಗಿನಕಾಯಿ ತುರಿಯುತ್ತಿದ್ದೇನೆ. ಈ ಅನ್ಯಾಯವನ್ನು ನಿಮ್ಮ ಮುಂದಲ್ಲದೆ ಇನ್ನಾರ ಮುಂದೆ ಹೇಳಿಕೊಳ್ಳಲಿ?

ನನ್ನ ಹೆಂಡತಿ ಭಾರ್ಗವಿ ಇಪ್ಪತ್ತಾರು ವರ್ಷ ಹಳೆಯ ಅಡುಗೆಮನೆಯ ಹೊಗೆ ಕುಡಿದಳು, ಗಿಡ್ಡ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಕೊನೆಗೊಂದು ದಿನ, "ಹೊಸದು ಕಟ್ಟಿಸಿ, ಇಲ್ಲಾಂದ್ರೆ ತವರಿಗೆ ಹೋಗ್ತೀನಿ" ಎಂದಳು. (ತವರು ಎದುರುಮನೆಯೇ. ಆದರೂ ಹೆದರಿದೆ.) ಹಳೆಯದನ್ನು ಕೆಡವಿಸಿದೆ.

ನಮ್ಮಲ್ಲಿ ಕೋಣೆ ಕಟ್ಟುವ ಮೊದಲು ಸುತ್ತಳತೆ ಕೊಡುವವನು ಆಶಾರಿ, ಅಂದರೆ ಬಡಗಿ. ಅದನ್ನು ಗುಣಿಸಿ ಭಾಗಿಸಿ, ಕೋಣೆಗೆ ಬಾಲ್ಯವೋ ಯೌವನವೋ ಮುಪ್ಪೋ ಮರಣವೋ ಎಂದು ವಯಸ್ಸು ಹೇಳುತ್ತಾನೆ.

"ಒಳಸುತ್ತು ಹದಿನೈದು ಕೋಲು ಹದಿನಾರು ಬೆರಳು, ಮಾಷೇ. ಬಾಲ್ಯ. ಒಳ್ಳೇದು," ಎಂದ ವೇಲಾಯುಧನ್ ಆಶಾರಿ. "ಗೋಡೆಗೆ ದಾರ ನಾನೇ ಹಿಡೀತೀನಿ."

"ನೀನು ಬಾಗಿಲು ನೋಡ್ಕೋ. ಸುತ್ತಳತೆ ನನಗೆ ಬಿಡು."

"ಅಲ್ಲ ಮಾಷೇ, ಗಾರೆ..."

"ನಿನಗೆ ಏಳನೇ ಕ್ಲಾಸಲ್ಲಿ ಗಣಿತಕ್ಕೆ ಎಷ್ಟು ಮಾರ್ಕು ಕೊಟ್ಟಿದ್ದೆ ನಾನು?"

ಅವನು ದಾರ ಸುತ್ತಿ ಚೀಲಕ್ಕೆ ಹಾಕಿದ. ಕೋಲಿಗೆ ಇಪ್ಪತ್ತನಾಲ್ಕು ಬೆರಳು, ಬೆರಳಿಗೆ ಮೂರು ಸೆಂಟಿಮೀಟರು. ಉದ್ದ ಮೂರು ಮೀಟರು ಹನ್ನೆರಡು, ಅಗಲ ಎರಡು ಮೀಟರು ಐವತ್ತೆರಡು ಎಂದು ಕರಾರುವಾಕ್ಕಾಗಿ ಲೆಕ್ಕ ಹಾಕಿ, ಇಟ್ಟಿಗೆಯಿಂದ ಇಟ್ಟಿಗೆಗೆ ಟೇಪು ಹಿಡಿದು ಕಟ್ಟಿಸಿದೆ.

ಗಾರೆ ಒಣಗಿದ ಮೇಲೆ ಬಾಗಿಲು ಕೂರಿಸಲು ಬಂದ ಆಶಾರಿ ಗೋಡೆಗೆ ಕೋಲು ಹಚ್ಚಿ ಅಳೆದ.

"ಗಾರೆ ಅರ್ಧ ಬೆರಳು ದಪ್ಪ, ಮಾಷೇ. ನಾಲ್ಕೂ ಗೋಡೆಗೆ ಬಳಿದ ಮೇಲೆ ಉದ್ದದಲ್ಲೂ ಅಗಲದಲ್ಲೂ ಒಂದೊಂದು ಬೆರಳು ಕಮ್ಮಿ. ಸುತ್ತಲ್ಲಿ ನಾಲ್ಕು ಬೆರಳು ಹೋಯ್ತು."

"ಹೋದ್ರೆ?"

"ಮರಣ."

ಬಾಲ್ಯದಿಂದ ನೇರ ಮರಣ! ನಡುವೆ ಒಂದು ದಿನದ ಯೌವನವೂ ಇಲ್ಲ.

"ಮರಣದೊಳಗೆ ನಿಂತು ನಾನು ಸಾಂಬಾರ್ ಕುದಿಸಲ್ಲ," ಎಂದಳು ಭಾರ್ಗವಿ.

"ಇದೆಲ್ಲ ಮೂಢನಂಬಿಕೆ ಕಣೇ."

"ನಂಬದವರಿಗೆ ಏನೂ ಆಗಲ್ಲ ತಾನೇ? ಹಾಗಾದ್ರೆ ನೀವೇ ಕುದಿಸಿ."

ಈ ತರ್ಕದಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಅಂದಿನಿಂದ ಮೂರು ತಿಂಗಳು ಒಲೆ ನನ್ನದು. ಸಿಲಿಂಡರಿನ ಘನಫಲ ಕಲಿಸಿದ ಮಹಾಶಯನಿಗೆ ಕೊಳವೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಪುಟ್ಟು ಸಿಲಿಂಡರಿನಂತೆ ಹೊರಬರಲಿಲ್ಲ, ಮರಳಿನಂತೆ ಸುರಿಯಿತು. "ಉಪ್ಪು ಎಷ್ಟು ಗ್ರಾಂ?" ಎಂದು ಕೇಳಿದರೆ ಜಗಲಿಯಲ್ಲಿ ಕಾಲು ಚಾಚಿ ಕೂತ ಭಾರ್ಗವಿ, "ಕೈಗೆ ಬಂದಷ್ಟು" ಎನ್ನುವಳು. ಇದೂ ಒಂದು ಅಳತೆಯೇ? ನನಗೆ ಅಳು ಬರುತ್ತಿತ್ತು. (ಈರುಳ್ಳಿಯಿಂದಲ್ಲ.)

ನಿನ್ನೆ ದಾರಿಯಲ್ಲಿ ಆಶಾರಿ ಸಿಕ್ಕ. ಮಾನ ಬಿಟ್ಟು ಅವನ ಕೈ ಹಿಡಿದೆ.

"ಆಶಾರೀ, ಆ ಮರಣಕ್ಕೆ ಪರಿಹಾರ ಏನೂ ಇಲ್ವಾ?"

"ಯಾಕಿಲ್ಲ? ಗಾರೆ ಕೆರೆದು ತೆಳ್ಳಗೆ ಬಳಿದ್ರೆ ಮುಗೀತು. ಎರಡು ದಿನದ ಕೆಲಸ. ಅವತ್ತೇ ಭಾರ್ಗವಿ ಚೇಚಿಗೆ ಹೇಳಿದ್ದೆನಲ್ಲ!"

"ಅವಳೇನಂದಳು?"

ಆಶಾರಿ ತಲೆ ಕೆರೆದುಕೊಂಡ.

"ಅವಸರ ಇಲ್ಲ, ಓಣಂ ಕಳೀಲಿ ಅಂದ್ರು."

ಓಣಂ ಊಟಕ್ಕೆ ಎಲೆಯ ಮೇಲೆ ಇಪ್ಪತ್ತೆರಡು ಬಗೆ. ಎದುರುಮನೆಯ ಹದಿನಾಲ್ಕು ಜನರನ್ನು ಅವಳು ಆಗಲೇ ಕರೆದಾಗಿದೆ.